ಅಂಗಳಕ್ಕೆ ಆಂಬುಲೆನ್ಸ್ ಬರುವ ಮೊದಲೇ

ನಮ್ಮ ಕಡೆಯ ವಯಸ್ಸಾದವರಿಗೆ ಕೊನೆಗಾಲದಲ್ಲಿ ಎಂಥ ಚಿಕಿತ್ಸೆ, ಎಲ್ಲಿಯವರೆಗೆ ಎನ್ನುವುದು ಬಹುಪಾಲು ಮನೆಯ ಅಂಗಳದಲ್ಲೇ ತೀರ್ಮಾನವಾಗುತ್ತದೆ. ಆಂಬುಲೆನ್ಸ್ ಇಂಜಿನ್ ಆರಿಸದೆ ನಿಂತಿರುತ್ತದೆ. ಒಬ್ಬರು ಕಂಬಳಿ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಿ ಬೆಂಗಳೂರಿನ ಮಗನಿಗೆ ಫೋನ್ ಮಾಡುತ್ತಿರುತ್ತಾರೆ. ಭಾಗಮಂಡಲದ ಸುತ್ತಮುತ್ತಲಿನಿಂದ ಮಡಿಕೇರಿಗೆ ಸುಮಾರು 40 ಕಿಲೋಮೀಟರ್. ಅಲ್ಲಿ ನೋಡಿದವರು ‘ಮೈಸೂರಿಗೆ ಕರೆದುಕೊಂಡು ಹೋಗಿ’ ಎಂದರೆ ಮತ್ತೆ ಸುಮಾರು 120 ಕಿಲೋಮೀಟರ್. ಕುಶಾಲನಗರ ದಾಟಿದ ಗಾಡಿಯನ್ನು ಯಾರೂ ತಿರುಗಿಸುವುದಿಲ್ಲ. ತಿರುಗಿಸೋಣ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಗಾಡಿಯೊಳಗೆ ಕುಳಿತ ಮಕ್ಕಳಿಗೆ ಎಲ್ಲಿಂದ ಬರಬೇಕು? ಮಲಗಿರುವವರಿಗಂತೂ ಆಗ ಮಾತೇ ಇರುವುದಿಲ್ಲ.

ನಾನು ಆರೋಗ್ಯ ಇಲಾಖೆಯಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದವಳು. ಮಡಿಕೇರಿ ತಾಲ್ಲೂಕಿನ ಉಪಕೇಂದ್ರಗಳಲ್ಲಿಯೇ ಸೇವೆ ಮುಗಿಸಿದೆ. ಊರಿನವರಿಗೆ ಈಗಲೂ ನಾನು ‘ಸಿಸ್ಟರ್’. ಹೆರಿಗೆಗೆ ಕರೆಯುತ್ತಿದ್ದ ಮನೆಗಳೇ ಮುಂದೆ ಅಜ್ಜ, ಅಜ್ಜಿಯರ ಕೊನೆಯ ದಿನಗಳಿಗೂ ಕರೆದವು. ಹುಟ್ಟುವ ಮಗುವಿಗೆ ತಾಯಿ ಕಾರ್ಡ್ ಇದೆ, ಲಸಿಕೆಯ ಪಟ್ಟಿ ಇದೆ, ಹೆರಿಗೆಯ ದಿನಾಂಕಕ್ಕೆ ಮೊದಲೇ ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು ಎಂದು ಬರೆದಿಡಿಸುತ್ತಿದ್ದೆವು. ಹೋಗುವ ಜೀವಕ್ಕೆ ಅಂಥದ್ದೊಂದು ಕಾಗದ ಇರಲಿಲ್ಲ. ಸತ್ತ ಮೇಲಿನದ್ದಕ್ಕೆ ನಮ್ಮಲ್ಲಿ ಏನೂ ಕೊರತೆಯಿಲ್ಲ. ಗುಂಡು ಹಾರಿಸಿ ಸುದ್ದಿ ತಿಳಿಸುವವರು ಯಾರು, ಸ್ನಾನ ಮಾಡಿಸುವವರು ಯಾರು, ತೋಟದ ಯಾವ ಮೂಲೆಯಲ್ಲಿ ಮಣ್ಣು ಮಾಡಬೇಕು, ಎಲ್ಲಕ್ಕೂ ಕಟ್ಟಳೆ ಇದೆ. ಅದಕ್ಕೆ ಹಿಂದಿನ ಕೆಲವು ವಾರಗಳನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟಿದ್ದೇವೆ.

ನನ್ನ ಭಾವ, ಅಂದರೆ ಯಜಮಾನರ ಅಣ್ಣ, ಬಹಳ ವರ್ಷ ಬೀಡಿ ಸೇದಿದವರು. ಶ್ವಾಸಕೋಶ ಕೆಟ್ಟು ಮನೆಯಲ್ಲೇ ನೆಬ್ಯುಲೈಜರ್ ಇಟ್ಟುಕೊಂಡಿದ್ದರು. ಒಂದು ಮಳೆಗಾಲದ ರಾತ್ರಿ ಉಸಿರು ಕಟ್ಟಿತು. ಮಡಿಕೇರಿ, ಅಲ್ಲಿಂದ ಮೈಸೂರು. ಮೈಸೂರಿನಲ್ಲಿ ವೆಂಟಿಲೇಟರ್ ಹಾಕಿದರು. ಮರುದಿನ ನನ್ನನ್ನು ಒಳಗೆ ಬಿಟ್ಟಾಗ ಅವರ ಎರಡೂ ಕೈಗಳನ್ನು ಮಂಚದ ಕಂಬಿಗೆ ಗಾಜ್ ಬಟ್ಟೆಯಿಂದ ಕಟ್ಟಿದ್ದರು, ನಳಿಕೆ ಕಿತ್ತುಕೊಳ್ಳಬಾರದೆಂದು. ಹೆಬ್ಬೆರಳಿನ ಬುಡದಲ್ಲಿ ಕತ್ತಿ ತಾಗಿದ ಹಳೆಯ ಗಾಯದ ಗುರುತು, ಉಗುರಿನ ಸಂದಿಯಲ್ಲಿ ಇನ್ನೂ ತೋಟದ ಮಣ್ಣು. ನರ್ಸ್ ಹುಡುಗಿಯನ್ನು ಕೇಳಿ ಬಲಗೈ ಬಿಚ್ಚಿಸಿದೆ. ಅವರು ನನ್ನ ಅಂಗೈ ಹಿಡಿದುಕೊಂಡು ತೋರುಬೆರಳಿನಿಂದ ಏನೋ ಬರೆದರು. ಮೊದಲ ಅಕ್ಷರ ‘ಮ’ ಎಂದು ಅನಿಸಿತು. ಮನೆಯೋ, ಮಗನೋ, ಬೇರೆ ಏನೋ. ಇನ್ನೊಮ್ಮೆ ಬರೆಯಿರಿ ಭಾವ ಎಂದೆ. ಬರೆದರು. ಆಗಲೂ ತಿಳಿಯಲಿಲ್ಲ.

ಅಲ್ಲಿನ ವೈದ್ಯರ ಬಗ್ಗೆ ನನಗೆ ದೂರಿಲ್ಲ. ಆ ಯುವಕ ನಮ್ಮನ್ನು ಪಕ್ಕದ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ಒಂದೇ ಪ್ರಶ್ನೆ ಕೇಳಿದ: “ಇಂಥ ಸ್ಥಿತಿ ಬಂದರೆ ಏನು ಮಾಡಬೇಕು ಎಂದು ಅವರು ಮೊದಲು ಯಾವಾಗಲಾದರೂ ಹೇಳಿದ್ದುಂಟೇ?” ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಹಿರಿಯವನು ಎಲ್ಲವನ್ನೂ ಮಾಡಿ ಎಂದ, ಕಿರಿಯವನು ಸಾಕು ಎಂದ. ಭಾವ ಹೋದ ಮೇಲೂ ಆ ಇಬ್ಬರ ನಡುವೆ ಸರಿಯಾಗಿ ಮಾತಿಲ್ಲ. ತೋಟ ಪಾಲಾದಾಗಲೂ ಆಗದ ಮನಸ್ತಾಪ ಅದು.

ನಮ್ಮ ಅತ್ತೆ ತೀರಿಕೊಂಡದ್ದು ಬೇರೆ ರೀತಿ. ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇತ್ತು. ಇನ್ನು ಮಾಡುವಂಥದ್ದು ಉಳಿದಿಲ್ಲ ಎಂದು ವೈದ್ಯರು ಹೇಳಿದ ದಿನವೇ ಅತ್ತೆ ಸ್ಪಷ್ಟವಾಗಿ ಹೇಳಿದ್ದರು: “ನನ್ನನ್ನು ಈ ಗುಡ್ಡದಿಂದ ಇಳಿಸಬೇಡಿ.” ಆ ಒಂದು ಮಾತು ನಮಗೆಲ್ಲ ಆಧಾರವಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆ ಹತ್ತಿಯಿಂದ ನಾಲಗೆ, ಒಸಡು ಒರೆಸುವುದು, ತುಟಿಗೆ ಬೆಣ್ಣೆ ಸವರುವುದು, ಬೆನ್ನು ಕೆಂಪಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡುವುದು. ಇದೂ ಚಿಕಿತ್ಸೆಯೇ. ಏನೂ ಮಾಡದೆ ಬಿಟ್ಟುಬಿಟ್ಟರು ಎಂದು ಊರಿನಲ್ಲಿ ಒಂದಿಬ್ಬರು ಆಡಿಕೊಂಡಾಗ ನನಗೆ ಸಿಟ್ಟು ಬಂದಿತ್ತು. ಇಡೀ ಮನೆ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ನಮ್ಮ ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೇ ದಿನ, ಆ ದಿನ ಔಷಧಿಯೆಂದು ತಿನ್ನುವ ಮದ್ದುಸೊಪ್ಪಿನ ರಸ ತೆಗೆದು ಪಾಯಸ ಮಾಡಿದೆವು. ಮದ್ದುಸೊಪ್ಪು ಬೆಂದಾಗ ಅಡುಗೆಮನೆಯಿಂದ ಹೊರಡುವ ಪರಿಮಳ ಮೂರನೇ ಕೋಣೆಗೂ ಬರುತ್ತದೆ. ಅತ್ತೆ ಕಣ್ಣು ತೆರೆದರು. ಅರ್ಧ ಚಮಚ ಬಾಯಿಗೆ ಹಾಕಿದೆ. ನುಂಗಲಿಲ್ಲ, ನಾಲಗೆಯ ಮೇಲೆ ಇಟ್ಟುಕೊಂಡರು. ಆ ನೇರಳೆ ಬಣ್ಣ ತುಟಿಯಂಚಿನಲ್ಲಿ ಸಂಜೆಯವರೆಗೂ ಇತ್ತು, ಒರೆಸಲು ನನಗೆ ಮನಸ್ಸಾಗಲಿಲ್ಲ.

ಆದರೂ ಅತ್ತೆಯ ಕಥೆಯನ್ನು ಸುಖಾಂತ್ಯವೆಂದು ಹೇಳಲಾರೆ. ಕೊನೆಯ ದಿನಗಳಲ್ಲಿ ಅವರಿಗೆ ನೋವು ಇತ್ತು, ಆ ನೋವಿಗೆ ತಕ್ಕ ಔಷಧ ನಮ್ಮ ಬಳಿ ಇರಲಿಲ್ಲ. ಮನೆಯಲ್ಲಿಯೇ ಇರಬೇಕು ಎಂದುಕೊಂಡವರು ಮೊದಲು ಯೋಚಿಸಬೇಕಾದದ್ದು ಇದನ್ನು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಕೆಲಸ ಮಾಡುತ್ತದೆ. ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕೊನೆಗಾಲದ ಉಬ್ಬಸವೂ ತಗ್ಗುತ್ತದೆ. ಮಲಬದ್ಧತೆ ತಪ್ಪಿದ್ದಲ್ಲ, ಅದಕ್ಕೆ ಜೊತೆಯಲ್ಲಿಯೇ ಔಷಧ ಕೊಡುತ್ತಾರೆ. ಚಟ ಹತ್ತುತ್ತದೆ ಎಂಬ ಹೆದರಿಕೆಯಿಂದ ಸಾಯುವ ಮನುಷ್ಯನನ್ನು ನರಳಲು ಬಿಡುವುದು ಅನ್ಯಾಯ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಈ ಔಷಧ ಆಸ್ಪತ್ರೆಗಳಿಂದಲೇ ಮರೆಯಾಗಿತ್ತು. 2014ರಲ್ಲಿ ತಿದ್ದುಪಡಿ ಬಂದು ನಿಯಮ ಸಡಿಲವಾಯಿತು. ಈಗಲೂ ಎಲ್ಲ ಔಷಧ ಅಂಗಡಿಗಳಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಿಂದ ವೈದ್ಯರ ಚೀಟಿ ಮೇಲೆ ತರಬೇಕು. ಹಾಗಾಗಿ ಎಲ್ಲಿಂದ, ಯಾರು ತರುತ್ತಾರೆ ಎಂದು ಕಾಯಿಲೆ ಜೋರಾಗುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಬಿದ್ದಾಗ ಹುಡುಕಲು ಹೊರಡುವುದಲ್ಲ.

ಕರಿಕೆಯಲ್ಲಿ ನನ್ನ ಚಿಕ್ಕಮ್ಮನ ಮಗಳಿದ್ದಾಳೆ. ಅಲ್ಲಿಂದ ಗಡಿ ದಾಟಿದರೆ ಪಾಣತ್ತೂರು, ಕಾಸರಗೋಡು ಜಿಲ್ಲೆ. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಜೀಪಿನಲ್ಲಿ ಬಂದು ಗಾಯ ತೊಳೆದು, ಮನೆಯವರಿಗೆ ಕಲಿಸಿ ಹೋಗುವುದನ್ನು ಅವಳು ಆಚೆ ಬದಿಯ ನೆಂಟರ ಮನೆಯಲ್ಲಿ ನೋಡಿದ್ದಾಳೆ. ಕೇರಳದಲ್ಲಿ ಇದು 1993ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ನೋವು ನಿವಾರಣಾ ಚಿಕಿತ್ಸಾಲಯದಿಂದ ಆರಂಭವಾಗಿ, 2008ರಲ್ಲಿ ರಾಜ್ಯದ ನೀತಿಯೇ ಆಗಿ, ಪಂಚಾಯಿತಿಗಳ ಕೆಲಸವಾಗಿ ಬೆಳೆಯಿತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳಿವೆ, ಅಲ್ಲಿ ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಆದರೆ ನಮ್ಮ ಗುಡ್ಡಕ್ಕೆ ಬೇಕಿರುವುದು ಗುಡ್ಡ ಹತ್ತಿ ಬರುವ ಜೀಪು. ಒಂದೇ ಮಳೆ, ಒಂದೇ ಬೆಟ್ಟಸಾಲು, ಗಡಿಯ ಆಚೆಗೆ ಸಾಧ್ಯವಾದದ್ದು ಈಚೆಗೆ ಏಕೆ ಸಾಧ್ಯವಾಗಬಾರದು?

ಇಷ್ಟೆಲ್ಲ ನೋಡಿದ ಮೇಲೆ ನನ್ನದೇ ಪತ್ರ ಬರೆದಿದ್ದೇನೆ. ಕಾನೂನಿನಲ್ಲಿ ಅದನ್ನು ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುತ್ತಾರೆ, ಜನ ಲಿವಿಂಗ್ ವಿಲ್ ಎನ್ನುತ್ತಾರೆ. ಅನೇಕರು ಇದನ್ನು ದಯಾಮರಣದ ಚುಚ್ಚುಮದ್ದು ಎಂದುಕೊಂಡು ಬೆಚ್ಚುತ್ತಾರೆ. ಅದು ಬೇರೆ, ಅದಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಗುಣವಾಗುವ ಭರವಸೆ ಇಲ್ಲದಾಗ ಯಂತ್ರದ ಮೂಲಕ ಸಾವನ್ನು ಮುಂದೂಡುವುದು ಬೇಡ, ಕಾಯಿಲೆ ತನ್ನ ದಾರಿಯಲ್ಲಿ ಹೋಗಲಿ ಎಂದು ಮುಂಚಿತವಾಗಿ ಹೇಳಿಡುವುದು ಮಾತ್ರ ಇದು.

ಈ ಹಕ್ಕು ನಮಗೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ನಮ್ಮದೇ ರಾಜ್ಯದ ಒಬ್ಬ ನರ್ಸ್ ಇದ್ದಾರೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ 1973ರ ನವೆಂಬರ್‌ನಲ್ಲಿ ಹಲ್ಲೆಗೆ ಒಳಗಾಗಿ ಪ್ರಜ್ಞೆ ಮರಳದೆ ಅದೇ ಆಸ್ಪತ್ರೆಯಲ್ಲಿ 2015ರ ಮೇ ತಿಂಗಳವರೆಗೆ ಮಲಗಿದ್ದರು. ಅವರ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ 2011ರಲ್ಲಿ, ಕೆಲವು ಸಂದರ್ಭಗಳಲ್ಲಿ ಹೈಕೋರ್ಟ್ ಒಪ್ಪಿಗೆಯೊಂದಿಗೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆದುಕೊಳ್ಳಬಹುದು ಎಂದದ್ದು. ಅರುಣಾ ಅವರ ವಿಷಯದಲ್ಲಿ ಮಾತ್ರ ಅನುಮತಿ ಸಿಗಲಿಲ್ಲ. ಅವರನ್ನು ಅಷ್ಟು ವರ್ಷ ಬೆನ್ನಹುಣ್ಣಾಗದಂತೆ ನೋಡಿಕೊಂಡ ಆಸ್ಪತ್ರೆಯ ದಾದಿಯರೇ ಬೇಡವೆಂದರು. ಅವರ ಪ್ರೀತಿಗೆ ನಾನು ತಲೆಬಾಗುತ್ತೇನೆ. ಆದರೆ ಅರುಣಾ ಅವರಿಗೆ ಏನು ಬೇಕಿತ್ತು ಎಂದು ತಿಳಿಯುವ ದಾರಿ ಯಾರಿಗೂ ಇರಲಿಲ್ಲ ಎನ್ನುವುದು ನನ್ನನ್ನು ಕಾಡುತ್ತದೆ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವುದೂ 21ನೇ ವಿಧಿಯ ಬದುಕಿನ ಹಕ್ಕಿನೊಳಗೆ ಸೇರಿದೆ ಎಂದು ಹೇಳಿ ಇಂಥ ಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆಗ ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಳ್ಳಿಯವರಿಗೆ ಅದು ಆಗುಹೋಗುವ ಮಾತಲ್ಲ. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿದರು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿಯವರಿಂದ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಬರೆಯಬಹುದು. ಮನಸ್ಸು ಬದಲಾದರೆ ಲಿಖಿತವಾಗಿ ರದ್ದು ಮಾಡಬಹುದು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು.

ಪತ್ರ ಇದ್ದ ಮಾತ್ರಕ್ಕೆ ಯಾರೂ ಅವಸರದಲ್ಲಿ ಯಂತ್ರ ಆರಿಸುವುದಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ಒಪ್ಪಬೇಕು. ಆಮೇಲೆ ಇನ್ನೊಂದು ಮಂಡಳಿ. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರಬೇಕು, ಮೊದಲಿನವರು ಯಾರೂ ಇರಬಾರದು. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಅಭಿಪ್ರಾಯ ಹೇಳಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಕ್ಕಳು ಆಸ್ತಿಗಾಗಿ ಮುಗಿಸಿಬಿಟ್ಟಾರು ಎಂದು ಹೆದರುವವರಿಗೆ ನಾನು ಇಷ್ಟನ್ನೂ ಬಿಡಿಸಿ ಹೇಳುತ್ತೇನೆ.

ಪತ್ರದ ಮೊದಲ ಕರಡನ್ನು ಈ ಬಾರಿ ಮೆಣಸು ಕೊಯ್ಲಿಗೆ ಮಕ್ಕಳು ಬಂದಾಗ ಓದಿದೆ. ಜಗಲಿಯಲ್ಲಿ ಕೂತು ಎಲ್ಲರೂ ಮೆಣಸಿನ ಗೊಂಚಲು ಬಿಡಿಸುತ್ತಿದ್ದೆವು. ಮಗ “ಅವ್ವ, ನಿಮಗೆ ಏನಾಗಿದೆ ಈಗ?” ಎಂದು ಎದ್ದು ಕಣದ ಕಡೆಗೆ ಹೋದ. ಸೊಸೆ ಹೋಗಲಿಲ್ಲ. ಗೊಂಚಲು ಕೆಳಗಿಟ್ಟು ಕೇಳಿದಳು: “ಅತ್ತೆ, ನ್ಯುಮೋನಿಯಾ ಬಂದು, ನಾಲ್ಕು ದಿನ ವೆಂಟಿಲೇಟರ್‌ನಲ್ಲಿಟ್ಟರೆ ಎದ್ದು ಬರುತ್ತೀರಿ ಎಂದು ವೈದ್ಯರೇ ಹೇಳಿದರೂ ಬೇಡವೇ?” ನಾನು ಬರೆದದ್ದರಲ್ಲಿ ವೆಂಟಿಲೇಟರ್ ಬೇಡ ಎಂದಷ್ಟೇ ಇತ್ತು. ಅವಳ ಪ್ರಶ್ನೆಯಿಂದ ಆ ವಾಕ್ಯ ಹೀಗೆ ಬದಲಾಯಿತು: ‘ಗುಣವಾಗುವ ಕಾಯಿಲೆಯಾದರೆ ಒಂದು ವಾರದವರೆಗೆ ಪ್ರಯತ್ನಿಸಿ ನೋಡಬಹುದು. ಆ ಹೊತ್ತಿಗೆ ಚೇತರಿಕೆಯ ಲಕ್ಷಣ ಕಾಣದಿದ್ದರೆ, ಮುಂದುವರಿಸಬೇಡಿ. ಗಂಟಲಿಗೆ ರಂಧ್ರ ಮಾಡುವುದು ಬೇಡ.’

ಉಳಿದದ್ದನ್ನೂ ಹೀಗೆಯೇ ನೇರವಾಗಿ ಬರೆದಿದ್ದೇನೆ. ಮನೆಯವರ ಗುರುತು ಹಿಡಿಯಲಾಗದ ಸ್ಥಿತಿ ಬಂದು ಅದು ಮರಳದು ಎಂದು ವೈದ್ಯರು ಹೇಳಿದರೆ ಮೂಗಿನ ನಳಿಕೆಯಿಂದ ಆಹಾರ ಬೇಡ. ಬಾಯಿಂದ ಎಷ್ಟು ಇಳಿಯುತ್ತದೋ ಅಷ್ಟು ಸಾಕು. ಕಾಯಿಲೆ ಕೊನೆಯ ಹಂತದಲ್ಲಿರುವಾಗ ಹೃದಯ ನಿಂತರೆ ಎದೆ ಒತ್ತುವುದು ಬೇಡ. ವಯಸ್ಸಾದವರಿಗೆ ಅದನ್ನು ಮಾಡುವಾಗ ಪಕ್ಕೆಲುಬು ಮುರಿಯುವುದುಂಟು, ಹಾಗೆ ಎಬ್ಬಿಸಿದರೂ ಮೂಲ ಕಾಯಿಲೆ ಅಲ್ಲಿಯೇ ಇರುತ್ತದೆ. ನೋವು, ಉಬ್ಬಸ, ಗಾಬರಿಗೆ ಮಾತ್ರ ಧಾರಾಳವಾಗಿ ಔಷಧ ಕೊಡಿ, ಅದರಿಂದ ನಿದ್ದೆ ಹೆಚ್ಚಾದರೂ ಪರವಾಗಿಲ್ಲ. ಮೂಳೆ ಮುರಿದರೆ ಆಸ್ಪತ್ರೆಗೆ ಒಯ್ಯಿರಿ, ನೋವು ಕಡಿಮೆಯಾಗಲೆಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ.

ಇವು ಯಾವ ಊರಿನವರಾದರೂ ಬರೆಯಬಹುದಾದ ಮಾತುಗಳು. ನಮ್ಮ ಊರಿಗೆಂದೇ ಬರೆಯಬೇಕಾದದ್ದು ಇನ್ನೂ ಇತ್ತು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ವಿದ್ಯುತ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ವಿದ್ಯುತ್ತಿನಿಂದ ನಡೆಯುವ ಆಮ್ಲಜನಕದ ಯಂತ್ರವನ್ನು ನೆಚ್ಚಿಕೊಂಡರೆ ಕಷ್ಟ. ಆದ್ದರಿಂದ ಸಿಲಿಂಡರ್ ಎಲ್ಲಿ ಸಿಗುತ್ತದೆ ಎಂದು ಬರೆದಿದ್ದೇನೆ. ನಿರ್ಧಾರ ಹೇಳಲು ಇಬ್ಬರನ್ನು ಹೆಸರಿಸಿದ್ದೇನೆ. ಸುಳ್ಯದಲ್ಲಿರುವ ಮಗಳು ಒಬ್ಬಳು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಮುಚ್ಚಿದಾಗ ಅವಳು ಸಂಪಾಜೆಯಿಂದ ಈಚೆಗೆ ಬರಲಾಗಲಿಲ್ಲ. ಮತ್ತೆ ಹಾಗಾದರೆ? ಆದ್ದರಿಂದ ಎರಡನೆಯ ಹೆಸರು ಪಕ್ಕದ ಮನೆಯಲ್ಲಿಯೇ ಇರುವ, ಜೀಪು ಓಡಿಸುವ ಮೈದುನನ ಮಗನದ್ದು. ಆಂಬುಲೆನ್ಸ್ ಬಂದಾಗ ಅಂಗಳದಲ್ಲಿ ನಿಂತಿರುವವನು ಅವನೇ. ‘ಇವರನ್ನು ಮೈಸೂರಿಗೆ ಕಳಿಸುವುದಿಲ್ಲ, ಅವರೇ ಬರೆದಿದ್ದಾರೆ’ ಎಂದು ಹೇಳಬೇಕಾದರೆ ಅವನ ಕೈಯಲ್ಲಿ ನನ್ನ ಸಹಿಯ ಕಾಗದ ಇರಬೇಕು. ಇಲ್ಲದಿದ್ದರೆ ಆ ಭಾರವನ್ನು ಆ ಹುಡುಗ ಬದುಕಿರುವವರೆಗೂ ಹೊರುತ್ತಾನೆ.

ಮಗನ ಹೆಸರು ಹಾಕದ್ದಕ್ಕೆ ಅವನಿಗೆ ಮೊದಲು ನೋವಾಯಿತು. ರಾತ್ರಿ ಊಟದ ನಂತರ ಹೇಳಿದೆ: “ನೀನು ನನ್ನ ಕೈಹಿಡಿದು ಕೂತಿರು. ವೈದ್ಯರ ಜೊತೆ ಮಾತನಾಡುವ ಕೆಲಸ ಅವರಿಬ್ಬರಿಗಿರಲಿ.” ಅವನು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕರಡಿನ ಫೋಟೋ ತೆಗೆದು ತನ್ನ ಮೊಬೈಲ್‌ನಲ್ಲಿ ಇಟ್ಟುಕೊಂಡ.

ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು, ಅಲ್ಲಿನ ಒಬ್ಬ ಅಧಿಕಾರಿ ಅದನ್ನು ಕಾಪಿಡಬೇಕು ಎಂದು ತೀರ್ಪಿನಲ್ಲಿಯೇ ಇದೆ. ಹಳ್ಳಿಯಲ್ಲಿ ಅಂದರೆ ಗ್ರಾಮ ಪಂಚಾಯಿತಿ. ನಾನು ವಿಚಾರಿಸಲು ಹೋದಾಗ ಅಲ್ಲಿದ್ದ ಹುಡುಗಿ ಗೌರವದಿಂದಲೇ ಕೇಳಿಸಿಕೊಂಡಳು, ಆದರೆ ಇಂಥ ಪತ್ರದ ಹೆಸರನ್ನೇ ಅವಳು ಕೇಳಿರಲಿಲ್ಲ. ತೀರ್ಪಿನ ಆ ಪುಟವನ್ನು ಮುದ್ರಿಸಿ ಕೊಟ್ಟು ಬಂದಿದ್ದೇನೆ. ಉತ್ತರ ಬರುವವರೆಗೆ ಹೋಗುತ್ತಲೇ ಇರುತ್ತೇನೆ, ಪಲ್ಸ್ ಪೋಲಿಯೊ ಹನಿ ಹಾಕಿಸಲು ಮನೆಮನೆಗೆ ನಡೆದ ಕಾಲುಗಳಿಗೆ ಪಂಚಾಯಿತಿಯ ಮೆಟ್ಟಿಲು ದೊಡ್ಡದಲ್ಲ. ಉಳಿದ ಪ್ರತಿಗಳಲ್ಲಿ ಒಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ, ಹೆಸರಿಸಿದ ಇಬ್ಬರ ಬಳಿ ಒಂದೊಂದು, ಇನ್ನೊಂದು ಪಡಿತರ ಚೀಟಿ, ಆಧಾರ್ ಇಟ್ಟಿರುವ ಪ್ಲಾಸ್ಟಿಕ್ ಚೀಲದಲ್ಲಿ. ಬೀರುವಿನ ಲಾಕರ್‌ನಲ್ಲಿ ಮಾತ್ರ ಇಡಬೇಡಿ. ಬೀಗದ ಕೈ ಹುಡುಕುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಯಜಮಾನರ ಮನಸ್ಸು ನನ್ನ ಹಾಗಿಲ್ಲ. ನಾನು ಓದಿದ್ದನ್ನೆಲ್ಲ ಅವರು ತಾಳ್ಮೆಯಿಂದ ಕೇಳಿ, “ನನಗೆ ಎಲ್ಲವನ್ನೂ ಮಾಡಿಸಿ. ಮೈಸೂರಿಗೆ ಹೋಗಬೇಕಾದರೆ ಮೈಸೂರು, ಬೆಂಗಳೂರಾದರೆ ಬೆಂಗಳೂರು. ನನಗೆ ಇನ್ನೂ ಬದುಕಬೇಕು” ಎಂದರು. ಅಂಥವರಿಗೆ ನ್ಯಾಯಾಲಯ ಹೇಳಿದ ಪತ್ರದ ಅಗತ್ಯವಿಲ್ಲ. ಆದರೂ ಒಂದು ಹಾಳೆಯಲ್ಲಿ ಅದನ್ನೇ ಬರೆದು ಸಹಿ ಹಾಕಿ ಎಂದೆ, ಮಕ್ಕಳಿಗೆ ಗೊತ್ತಿರಲಿ. ಬರೆದಿದ್ದಾರೆ. ಕೊನೆಯ ಸಾಲಿನಲ್ಲಿ, ತಮಗೆ ಮಾತು ನಿಂತರೆ ನಾನು ಹೇಳಿದ್ದೇ ಅಂತಿಮ ಎಂದಿದೆ. ನನಗೆ ಏನು ಸರಿ ಕಾಣುತ್ತದೆ ಎನ್ನುವುದು ಆಗ ಮುಖ್ಯವಲ್ಲ, ಅವರು ಬರೆದದ್ದನ್ನೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮುಂದಿನ ವಾರ ಮಡಿಕೇರಿಯ ನೋಟರಿಯವರ ಬಳಿ ಇಬ್ಬರೂ ಹೋಗುತ್ತಿದ್ದೇವೆ, ಸಾಕ್ಷಿಗೆ ಊರಿನ ಶಾಲೆಯ ಮೇಷ್ಟ್ರು ಮತ್ತು ರಸ್ತೆಬದಿಯ ಅಂಗಡಿಯವರು ಬರಲು ಒಪ್ಪಿದ್ದಾರೆ.